ಮುದಿ ಜಾವಾಕ್ಕೆ ಮನೆಮದ್ದು

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಹಿತ್ತಿಲುಳ್ಳ ಮನೆಗಳಿಗೆ ಹೋದರೆ, ಒಣಗಿದ ತೆಂಗಿನ ಗರಿ, ತೂತುಬಿದ್ದ ಹಂಡೆ, ಮಕ್ಕಳು ಬೆಳೆದ ಮೇಲೆ ಮೂಲೆ ಸೇರಿದ ಮೂರು ಗಾಲಿಯ ಸೈಕಲ್ಲು ಇವುಗಳ ಹಿಂದೆ ಗೋಣಿತಟ್ಟು ಹೊದ್ದು ನಿಂತಿರುವ ಒಂದು ಮೋಟಾರ್ ಸೈಕಲ್ಲು ಕಣ್ಣಿಗೆ ಬೀಳುವುದು ಅಪರೂಪವಲ್ಲ. ಗೋಣಿಯನ್ನು ಸರಿಸಿದರೆ ದುಂಡನೆಯ ಪೆಟ್ರೋಲ್ ಟ್ಯಾಂಕು, ಅದರ ಇಕ್ಕೆಲದಲ್ಲಿ ಮಾಸಿದ ಕ್ರೋಮಿಯಂ ಹೊಳಪು, ಎಡಕ್ಕೊಂದು ಬಲಕ್ಕೊಂದು ಉದ್ದನೆಯ ಸೈಲೆನ್ಸರು. ಕೇಳಬೇಕಾದ ಅಗತ್ಯವಿಲ್ಲ, ಅದು ಜಾವಾ. ಮನೆಯ ಹಿರಿಯರು ಅದರ ಮೇಲೆ ಕಚೇರಿಗೆ ಹೋಗಿದ್ದಾರೆ, ಮದುವೆಯಾದ ಹೊಸತರಲ್ಲಿ ಪತ್ನಿಯನ್ನು ಹಿಂದೆ ಕೂರಿಸಿಕೊಂಡು ಚಾಮುಂಡಿ ಬೆಟ್ಟವನ್ನು ಏರಿದ್ದಾರೆ. ಈಗ ಮಗನಿಗೋ ಮೊಮ್ಮಗನಿಗೋ ಅದನ್ನು ಮತ್ತೆ ಓಡಿಸುವ ಹುಮ್ಮಸ್ಸು ಬಂದಿದೆ. ಕೈಯಲ್ಲಿ ಹೆಚ್ಚು ಹಣವಿಲ್ಲ. ಭಾನುವಾರಗಳು ಮಾತ್ರ ಉಂಟು.

ಈ ಹುಮ್ಮಸ್ಸೇ ಒಮ್ಮೊಮ್ಮೆ ಬಂಡಿಗೆ ಮುಳುವಾಗುತ್ತದೆ. ಮೂವತ್ತು ವರ್ಷಗಳ ಧೂಳಿಗೂ ತೇವಕ್ಕೂ ಬಗ್ಗದೆ ಉಳಿದ ಪಿಸ್ಟನ್ನು, ಒಂದೇ ರಾತ್ರಿಯ ಶುಚೀಕರಣದ ಉತ್ಸಾಹಕ್ಕೆ ಬಲಿಯಾಗುವುದುಂಟು.

ಜಾವಾ ಎಂಬ ಹೆಸರು ಹುಟ್ಟಿದ್ದು 1929ರಲ್ಲಿ, ಅಂದಿನ ಜೆಕೊಸ್ಲೊವಾಕಿಯದಲ್ಲಿ. ಯಾನೆಚೆಕ್ ಎಂಬ ಕಾರ್ಖಾನೆಯ ಒಡೆಯ ಜರ್ಮನಿಯ ವಾಂಡರರ್ ಕಂಪೆನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರಗಳಿಗೆ ಅದರ ಹೆಸರಿನ ಮೊದಲೆರಡು ಅಕ್ಷರಗಳನ್ನು ಜೋಡಿಸಿದ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಈ ಬಂಡಿಗಳನ್ನು ತಯಾರಿಸತೊಡಗಿತು. 1973ರ ಸುಮಾರಿಗೆ ಹೆಸರು ಯೆಜ್ದಿ ಎಂದಾಯಿತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. 2018ರಲ್ಲಿ ಅದೇ ಹೆಸರಿನಿಂದ ಹೊಸ ಬಂಡಿಗಳು ಮಾರುಕಟ್ಟೆಗೆ ಬಂದವಾದರೂ ಅವುಗಳ ಎಂಜಿನ್ನಿನ ಜಾತಿಯೇ ಬೇರೆ. ಹಳೆಯ ಜಾವಾಕ್ಕೆ ಕಾರ್ಖಾನೆಯಿಂದ ಬಿಡಿಭಾಗ ಬರುವ ಕಾಲ ಮುಗಿದಿದೆ. ನಕಲು ಭಾಗಗಳು ಸಿಗುತ್ತವೆ, ಆದರೆ ಅವುಗಳ ಗುಣ ಒಂದೇ ಸಮನಲ್ಲ. ಆದುದರಿಂದ ಅಪ್ಪನ ಕಾಲದ ಭಾಗವೊಂದನ್ನು ತೊಳೆಯುವ ಅವಸರದಲ್ಲಿ ಕೆಡಿಸಿಕೊಂಡರೆ, ಮೂಲದಂಥದೇ ಇನ್ನೊಂದು ಹಣ ಕೊಟ್ಟರೂ ದೊರೆಯುವ ಭರವಸೆಯಿಲ್ಲ.

ಮಸಿ ಎಲ್ಲಿಂದ ಬಂತು?

ಹಳೆಯ ಜಾವಾದ್ದು ಎರಡು ಹೊಡೆತದ ಎಂಜಿನ್ನು, ಅಂದರೆ ಟೂ ಸ್ಟ್ರೋಕ್. ಇದರ ಒಳಗಿನ ಕ್ರಾಂಕಿಗೂ ಪಿಸ್ಟನ್ನಿಗೂ ಎಣ್ಣೆಯೂಡಲು ಪ್ರತ್ಯೇಕ ವ್ಯವಸ್ಥೆಯಿಲ್ಲ. ಪೆಟ್ರೋಲಿನಲ್ಲಿಯೇ ಎಣ್ಣೆಯನ್ನು ಬೆರೆಸಿ ಕೊಡಬೇಕು. ಆ ಎಣ್ಣೆ ಒಳಗಿನ ಭಾಗಗಳನ್ನು ಸವರುತ್ತ ಹೋಗಿ, ಕೊನೆಗೆ ಪೆಟ್ರೋಲಿನ ಸಂಗಡ ತಾನೂ ಉರಿಯುತ್ತದೆ. ಪೂರ್ತಿ ಉರಿದರೆ ಚಿಂತೆಯಿಲ್ಲ. ಆದರೆ ಅದು ಎಂದೂ ಪೂರ್ತಿ ಉರಿಯುವುದಿಲ್ಲ. ಉಳಿದದ್ದು ಮೊದಲು ಅಂಟಾದ ಕಂದು ಪದರವಾಗಿ ಕೂರುತ್ತದೆ, ಕಾಯುತ್ತ ಕಾಯುತ್ತ ಗಟ್ಟಿಯಾಗಿ ಕರಿಯ ಕಿಟ್ಟವಾಗುತ್ತದೆ. ಹೀಗೆ ಕಿಟ್ಟ ಕಟ್ಟುವ ಜಾಗಗಳು ಮುಖ್ಯವಾಗಿ ನಾಲ್ಕು: ಪಿಸ್ಟನ್ನಿನ ನೆತ್ತಿ, ಸಿಲಿಂಡರಿನ ಮುಚ್ಚಳವಾದ ಹೆಡ್ಡು, ಹೊಗೆ ಹೊರಡುವ ಕಿಂಡಿ, ಸೈಲೆನ್ಸರಿನ ಒಳಕೊಳವೆ.

ಕಿಟ್ಟ ದಪ್ಪವಾದಂತೆ ಹೊಗೆಯ ದಾರಿ ಕಿರಿದಾಗುತ್ತದೆ. ಹಳೆಯ ಹೊಗೆ ಹೊರಗೆ ಹೋಗದಿದ್ದರೆ ಹೊಸ ಪೆಟ್ರೋಲ್ ಆವಿಗೆ ಒಳಗೆ ಸ್ಥಳವೆಲ್ಲಿ? ಒಂದು ಕಾಲಕ್ಕೆ ಇಬ್ಬರನ್ನು ಹೊತ್ತು ಬೆಟ್ಟವೇರುತ್ತಿದ್ದ ಬಂಡಿ ಈಗ ಒಬ್ಬನನ್ನು ಹೊತ್ತು ಏದುಸಿರು ಬಿಡುತ್ತದೆ. ಪಿಸ್ಟನ್ನಿನ ರಿಂಗು ತನ್ನ ಗಾಡಿಯಲ್ಲಿ ಅಂಟಿಕೊಂಡು ಕೂತರೆ ಒತ್ತಡ ಸೋರಿ, ಎಷ್ಟು ಒದ್ದರೂ ಎಂಜಿನ್ನು ಎಚ್ಚರಗೊಳ್ಳುವುದಿಲ್ಲ. ನೆತ್ತಿಯ ಮೇಲಿನ ಕಿಟ್ಟ ಕೆಂಡದಂತೆ ಕಾದು, ಕಿಡಿ ಹಾರುವ ಮೊದಲೇ ಪೆಟ್ರೋಲನ್ನು ಹೊತ್ತಿಸಿಬಿಡುವುದೂ ಉಂಟು. ಎಂಜಿನ್ ಮುಗಿಯಿತು, ಹೊಸ ಬೋರು ಹೊಡೆಸಬೇಕು ಎಂದು ತೀರ್ಮಾನಿಸಿದ ಎಷ್ಟೋ ಬಂಡಿಗಳಿಗೆ ಇದ್ದ ಕಾಯಿಲೆ ಇಷ್ಟೇ, ಉಸಿರುಕಟ್ಟಿದ್ದು.

ಕೈಯಲ್ಲಿರುವುದು ಯಾವ ಲೋಹ?

ಎಂಜಿನ್ನಿನ ಕೊಳೆಯನ್ನೆಲ್ಲ ಒಂದೇ ಎಂದು ಭಾವಿಸುವುದರಿಂದಲೇ ಅನಾಹುತಗಳು ಆರಂಭವಾಗುತ್ತವೆ. ಹೊರಮೈಗೆ ಮೆತ್ತಿದ ಎಣ್ಣೆ ಮತ್ತು ಧೂಳಿನ ಜಿಡ್ಡು ಒಂದು ಬಗೆ. ಒಳಗೆ ಸುಟ್ಟು ಕರಿದಾದ ಕಿಟ್ಟ ಇನ್ನೊಂದು ಬಗೆ. ತುಕ್ಕು ಮೂರನೆಯದು. ಜಿಡ್ಡನ್ನು ಸೀಮೆಎಣ್ಣೆ ಕರಗಿಸುತ್ತದೆ. ಅದೇ ಸೀಮೆಎಣ್ಣೆಯಲ್ಲಿ ಕಿಟ್ಟ ನೆನೆದು ಮೆತ್ತಗಾದೀತೇ ಹೊರತು ಕರಗದು. ತುಕ್ಕಿಗೆ ಹುಳಿ ಬೇಕು, ಅದೂ ಕಬ್ಬಿಣಕ್ಕೆ ಮಾತ್ರ. ಹಿತ್ತಾಳೆಯ ದೀಪಕ್ಕೆ ಹುಣಸೇಹಣ್ಣು ಹಚ್ಚಿ ಬೆಳಗುವ ಗೃಹಿಣಿಯ ವಿದ್ಯೆ ಶ್ರೇಷ್ಠವಾದದ್ದೇ. ಆದರೆ ಅದು ಕಿಟ್ಟದ ಮುಂದೆ ನಡೆಯುವುದಿಲ್ಲ. ಹುಳಿಯ ಅಂಶ ಕಬ್ಬಿಣದ ಸಿಲಿಂಡರಿನ ಒಳಗೋಡೆಯ ಮೇಲೆ ಉಳಿದುಬಿಟ್ಟರೆ ಬೆಳಗಾಗುವಷ್ಟರಲ್ಲಿ ಹೊಸ ತುಕ್ಕು ಬಂದಿರುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಕಾಸ್ಟಿಕ್ ಸೋಡದ್ದು. ಅಗ್ಗವಾದ ವಸ್ತು, ಕಿಟ್ಟವನ್ನು ತಿಂದುಹಾಕುವುದರಲ್ಲಿ ಎತ್ತಿದ ಕೈ. ಯಾರೋ ಹೇಳಿದರೆಂದು ಪಿಸ್ಟನ್ನನ್ನೂ ಹೆಡ್ಡನ್ನೂ ಅದರ ನೀರಿನಲ್ಲಿ ಮುಳುಗಿಸಿ ಮಲಗಿದವರು, ಬೆಳಿಗ್ಗೆ ಎದ್ದು ನೋಡಿದಾಗ ಕಿಟ್ಟದೊಂದಿಗೆ ಲೋಹವೂ ಕರಗಿರುತ್ತದೆ. ಪಿಸ್ಟನ್ನೂ ಹೆಡ್ಡೂ ಅಲ್ಯೂಮಿನಿಯಮ್ಮಿನವು. ಕಾಸ್ಟಿಕ್ ಸೋಡ ಅಲ್ಯೂಮಿನಿಯಮ್ಮನ್ನು ಕೊರೆದು ತಿನ್ನುತ್ತದೆ. ಆಗ ನೊರೆನೊರೆಯಾಗಿ ಏಳುವ ಗುಳ್ಳೆಗಳು ಜಲಜನಕದವು, ಕಿಡಿ ತಾಗಿದರೆ ಹೊತ್ತಿಕೊಳ್ಳುವಂಥವು. ನೂಲೆಳೆಯಷ್ಟು ಲೋಹ ಹೋದರೂ ಪಿಸ್ಟನ್ನಿನ ಅಳತೆ ಕೆಟ್ಟಿತು. ಅದು ಮೇಜಿನ ಮೇಲೆ ಕಾಗದ ಹಾರದಂತೆ ಇಡಲು ಉಪಯೋಗಕ್ಕೆ ಬಂದೀತು, ಅಷ್ಟೆ. ಅಲ್ಯೂಮಿನಿಯಂ ಪಾತ್ರೆಯನ್ನು ಸೋಡಾ ಹಾಕಿ ತೊಳೆದರೆ ಕಪ್ಪಗಾಗುತ್ತದೆಂಬುದನ್ನು ಅಡಿಗೆಮನೆ ಬಲ್ಲವರೆಲ್ಲರೂ ಬಲ್ಲರು. ಅದೇ ಎಚ್ಚರಿಕೆ ಹಿತ್ತಿಲಿಗೂ ಅನ್ವಯಿಸುತ್ತದೆ. ಅಡಿಗೆಮನೆಯ ಹೊಗೆಗೂಡನ್ನೂ ಓವನ್ನನ್ನೂ ಶುಚಿ ಮಾಡಲು ಮಾರುವ ಹಲವು ದ್ರಾವಣಗಳಲ್ಲಿ ಇದೇ ಸೋಡ ಬೇರೆ ವೇಷದಲ್ಲಿ ಇರುತ್ತದೆ. ಶೀಶೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದುವುದು ಒಳಿತು.

ಲೋಹವನ್ನು ಗುರುತಿಸಲು ಒಂದು ಅಯಸ್ಕಾಂತದ ತುಂಡು ಸಾಕು. ಕೆಟ್ಟ ರೇಡಿಯೋದ ಸ್ಪೀಕರಿನಲ್ಲಿ ಅದು ಪುಕ್ಕಟೆಯಾಗಿ ಸಿಗುತ್ತದೆ. ಜಾವಾದ ಸಿಲಿಂಡರು ಎರಕದ ಕಬ್ಬಿಣದ್ದು, ಅಯಸ್ಕಾಂತ ಕಚ್ಚುತ್ತದೆ. ಸೈಲೆನ್ಸರಿನ ಒಳಕೊಳವೆ ಉಕ್ಕಿನದು, ಅದಕ್ಕೂ ಕಚ್ಚುತ್ತದೆ. ಹೆಡ್ಡು, ಪಿಸ್ಟನ್ನು, ಕ್ರಾಂಕ್ ಕೇಸು, ಕಾರ್ಬುರೇಟರಿನ ಮೈ ಇವುಗಳಿಗೆ ಕಚ್ಚುವುದಿಲ್ಲ. ಅಯಸ್ಕಾಂತ ಕಚ್ಚದ ಯಾವ ಭಾಗವನ್ನೂ ಕಾಸ್ಟಿಕ್ ಸೋಡದ ಹತ್ತಿರ ಸುಳಿಯಗೊಡಬಾರದು.

ತಾಳ್ಮೆಯ ಕೆಲಸ

ಮೊದಲ ಭಾನುವಾರ ಏನನ್ನೂ ಬಿಚ್ಚಬಾರದು. ಹೊರಮೈಯ ಜಿಡ್ಡು ಹೋಗುವ ಮೊದಲೇ ಎಂಜಿನ್ನನ್ನು ಬಿಚ್ಚಿದರೆ ಆ ಮರಳೂ ಮಣ್ಣೂ ನೇರವಾಗಿ ಒಳಗೆ ಬೀಳುತ್ತವೆ. ಪಡಿತರದ ಸೀಮೆಎಣ್ಣೆ ಈಗ ಸುಲಭವಾಗಿ ದೊರೆಯುವ ವಸ್ತುವಲ್ಲ. ಒಂದು ಲೀಟರು ಡೀಸೆಲ್ ಅದೇ ಕೆಲಸವನ್ನು ಮಾಡುತ್ತದೆ. ಪೆಟ್ರೋಲ್ ಮಾತ್ರ ಸರ್ವಥಾ ಕೂಡದು. ಅದರ ಆವಿ ನೆಲದ ಮೇಲೆ ಹರಿದುಹೋಗಿ, ಹತ್ತು ಹೆಜ್ಜೆ ದೂರದಲ್ಲಿರುವ ಒಲೆಯನ್ನೋ ಸ್ವಿಚ್ಚಿನ ಕಿಡಿಯನ್ನೋ ಹುಡುಕಿಕೊಂಡು ಹೋಗುತ್ತದೆ. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಪೆಟ್ರೋಲಿನಲ್ಲಿ ಬಿಡಿಭಾಗ ತೊಳೆಯುವವರು, ಮಿಗಿಸುವ ನಾಲ್ಕು ಕಾಸಿಗಾಗಿ ಮನೆಯನ್ನೇ ಪಣವಾಗಿಟ್ಟಂತೆ.

ಎಂಜಿನ್ನು ಪೂರ್ತಿ ತಣ್ಣಗಿರುವಾಗ ಕಾರ್ಬುರೇಟರಿನ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಹಳೆಯ ಬ್ರಷ್ಷಿನಿಂದ ಡೀಸೆಲನ್ನು ಹಚ್ಚಿ ಅರ್ಧ ಗಂಟೆ ಬಿಡಬೇಕು. ದಪ್ಪ ಪದರವನ್ನು ಬಿದಿರಿನ ಸೀಳಿನಿಂದ ಎಬ್ಬಿಸಿ, ರೆಕ್ಕೆಗಳ ಸಂದುಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಬೇಕು. ಬಳಿಕ ಪಾತ್ರೆ ತೊಳೆಯುವ ಸಾಬೂನು ಬೆರೆಸಿದ ನೀರು, ಆಮೇಲೆ ಶುದ್ಧ ನೀರು, ಆಮೇಲೆ ಬಿಸಿಲು. ಡೀಸೆಲ್ ತಗುಲಿದ ಚರ್ಮ ಒಡೆದು ಉರಿಯುವುದರಿಂದ ರಬ್ಬರ್ ಕೈಚೀಲ ತೊಡುವುದು ಲೇಸು.

ಎರಡನೆಯ ಭಾನುವಾರ ಹೆಡ್ಡನ್ನೂ ಸಿಲಿಂಡರನ್ನೂ ತೆಗೆಯಬಹುದು. ನಟ್ಟುಗಳನ್ನು ಒಂದಾದ ಮೇಲೊಂದರಂತೆ ಪೂರ್ತಿ ಬಿಚ್ಚದೆ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು; ಇಲ್ಲದಿದ್ದರೆ ಹೆಡ್ಡು ಸೊಟ್ಟಗಾದೀತು. ಬಿಚ್ಚಿದ ಭಾಗಗಳನ್ನು ಹಳೆಯ ಪಂಚೆಯ ಮೇಲೆ ಕ್ರಮವಾಗಿ ಇಡಬೇಕು. ಊಟದ ಎಲೆಯ ಮೇಲೆ ಉಪ್ಪಿಗೂ ಕೋಸಂಬರಿಗೂ ಗೊತ್ತಾದ ಸ್ಥಳವಿರುವಂತೆ ಪ್ರತಿಯೊಂದಕ್ಕೂ ಇಲ್ಲಿ ಒಂದು ಸ್ಥಳ. ಸಿಲಿಂಡರನ್ನು ಎತ್ತಿದೊಡನೆ ಕೆಳಗೆ ಬಾಯಿ ತೆರೆದು ನಿಲ್ಲುವ ಕ್ರಾಂಕ್ ಕೇಸಿಗೆ ಶುಭ್ರವಾದ ಬಟ್ಟೆಯನ್ನು ತುರುಕಿಡುವುದನ್ನು ಮರೆಯಬಾರದು. ಅದರೊಳಗೆ ಬಿದ್ದ ಒಂದು ಚೂರು ಕಿಟ್ಟವನ್ನೋ ತಂತಿಯ ತುಂಡನ್ನೋ ಹೊರತೆಗೆಯಲು ಎಂಜಿನ್ನನ್ನೇ ಎರಡು ಹೋಳು ಮಾಡಬೇಕಾದೀತು.

ಕಿಟ್ಟ ಬಿಡಿಸುವುದು ಪ್ರಯಾಸದ ಕೆಲಸ. ಹಾಲು ಸೀದ ಪಾತ್ರೆಯನ್ನು ಒಡನೆಯೇ ಉಜ್ಜಲು ಕೂರುವವರಿಗೆ ತೋಳು ನೋವೇ ಗತಿ. ರಾತ್ರಿ ನೀರು ಹಾಕಿಟ್ಟು ಬೆಳಿಗ್ಗೆ ಉಜ್ಜುವವರು ಜಾಣರು. ಹೆಡ್ಡನ್ನೂ ಪಿಸ್ಟನ್ನನ್ನೂ ಡೀಸೆಲಿನಲ್ಲಿ ಒಂದೆರಡು ದಿನ ನೆನೆಹಾಕಬೇಕು, ಮುಚ್ಚಳವಿರುವ ಡಬ್ಬಿಯಲ್ಲಿ, ಮಕ್ಕಳ ಕೈಗೆ ಎಟುಕದ ಕಡೆ. ಆಮೇಲೆ ಕೆರೆಯಲು ಲೋಹಕ್ಕಿಂತ ಮೃದುವಾದ ಸಾಧನ ಬೇಕು. ಬಿದಿರಿನ ಸೀಳು, ಗಟ್ಟಿ ಮರದ ಚಕ್ಕೆ, ತುಂಡಾದ ಪ್ಲಾಸ್ಟಿಕ್ ಸ್ಕೇಲು, ರೇಡಿಯೋ ರಿಪೇರಿಯವರು ಬಳಸುವ ಬೆಸುಗೆಯ ಸೀಸವನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿದ ತುಂಡು, ಇವು ಗರಾಜಿನ ಹಳಬರ ಆಯುಧಗಳು. ಹಿತ್ತಾಳೆ ತಂತಿಯ ಬ್ರಷ್ಷನ್ನು ಹಗುರವಾಗಿ ಆಡಿಸಬಹುದು. ಸ್ಕ್ರೂಡ್ರೈವರು, ಗರಗಸದ ಅಲಗು ಇವುಗಳಿಗೆ ಈ ಪಂಕ್ತಿಯಲ್ಲಿ ಪ್ರವೇಶವಿಲ್ಲ. ಅವು ಎಳೆದ ಒಂದೊಂದು ಗೀರಿನಲ್ಲಿಯೂ ಹೊಸ ಕಿಟ್ಟ ಬೇರೂರುತ್ತದೆ. ಮರಳುಕಾಗದದ್ದು ಇನ್ನೊಂದು ಬಗೆಯ ದ್ರೋಹ. ಅದರ ಹರಳುಗಳು ಮೆತ್ತನೆಯ ಅಲ್ಯೂಮಿನಿಯಮ್ಮಿನಲ್ಲಿ ಹೂತುಕೊಂಡು, ಎಂಜಿನ್ನು ಓಡಿದಂತೆಲ್ಲ ಸಿಲಿಂಡರನ್ನು ಅರೆಯುತ್ತಲೇ ಇರುತ್ತವೆ.

ಭಾರತದಲ್ಲಿ ಸೀಸ ಬೆರೆತ ಪೆಟ್ರೋಲಿನ ಮಾರಾಟ ನಿಂತದ್ದು 2000ದ ಆರಂಭದಲ್ಲಿ. ಅದಕ್ಕೂ ಮೊದಲೇ ಮೂಲೆಗೆ ಸೇರಿದ ಬಂಡಿಯ ಕಿಟ್ಟದಲ್ಲಿ ಸೀಸದ ಅಂಶವಿರುವುದು ಸಹಜ. ಅದನ್ನು ಒಣಗಿದ್ದಾಗ ಕೆರೆದು ಬಾಯಿಯಿಂದ ಊದುವುದಾಗಲಿ, ಕೈ ತೊಳೆಯದೆ ತಿಂಡಿಯ ತಟ್ಟೆಗೆ ಕೈಹಾಕುವುದಾಗಲಿ ಸಲ್ಲದು. ಒದ್ದೆಯಾಗಿದ್ದಾಗಲೇ ಕೆರೆದು, ಕಾಗದದಲ್ಲಿ ಒರೆಸಿ ತೆಗೆದುಬಿಟ್ಟರೆ ಧೂಳೇಳುವುದಿಲ್ಲ.

ರಿಂಗುಗಳ ವಿಷಯದಲ್ಲಿ ಬೆರಳುಗಳು ನಯವಾಗಿರಬೇಕು. ಎರಕದ ಕಬ್ಬಿಣದ ರಿಂಗು ಬಳೆಯಷ್ಟೇ ನಾಜೂಕು, ಒಂದಿಷ್ಟು ಹೆಚ್ಚು ಅಗಲಿಸಿದರೆ ಪಟ್ಟನೆ ಮುರಿಯುತ್ತದೆ. ಅಂಟಿಕೊಂಡ ರಿಂಗನ್ನು ಮೀಟಿ ಎಬ್ಬಿಸುವ ಬದಲು ಇನ್ನೆರಡು ದಿನ ನೆನೆಯಲು ಬಿಡುವುದೇ ಮೇಲು. ಮೇಲಿನ ರಿಂಗು ಮೇಲಕ್ಕೇ, ಕೆಳಗಿನದು ಕೆಳಕ್ಕೇ ಹಿಂದಿರುಗಬೇಕು. ಗಾಡಿಯಲ್ಲಿ ತುಂಬಿದ ಕಿಟ್ಟವನ್ನು ತೆಗೆಯಲು ಮುರಿದ ಹಳೆಯ ರಿಂಗಿನ ತುಂಡಿಗಿಂತ ಒಳ್ಳೆಯ ಸಾಧನವಿಲ್ಲ, ಅಗಲ ಸರಿಯಾಗಿ ಹೊಂದುತ್ತದೆ. ಆದರೆ ಕಿಟ್ಟವನ್ನು ಕೆರೆಯುತ್ತ ಗಾಡಿಯ ಲೋಹವನ್ನೇ ಕೆರೆಯಬಾರದು. ಟೂ ಸ್ಟ್ರೋಕ್ ಪಿಸ್ಟನ್ನಿನ ಗಾಡಿಯೊಳಗೆ ರಿಂಗು ತಿರುಗದಂತೆ ತಡೆಯುವ ಪುಟ್ಟ ಮೊಳೆಯೊಂದಿರುತ್ತದೆ. ಅದಕ್ಕೆ ಪೆಟ್ಟಾದರೆ ರಿಂಗಿನ ತುದಿ ಕಿಂಡಿಗೆ ಸಿಕ್ಕಿ ಮುರಿದು ಸಿಲಿಂಡರನ್ನೇ ಸೀಳಿಹಾಕುತ್ತದೆ.

ಕಾರ್ಬುರೇಟರಿನ ಒಳಗಿನ ಹಿತ್ತಾಳೆಯ ಜೆಟ್ಟುಗಳಿಗೆ ಸೂಜಿ, ತಂತಿಗಳನ್ನು ತೂರಿಸುವ ಚಾಳಿ ಬಹಳ ಜನರಿಗುಂಟು. ಕೂದಲೆಳೆಯಷ್ಟು ರಂಧ್ರ ಹಿಗ್ಗಿದರೂ ಪೆಟ್ರೋಲಿನ ಲೆಕ್ಕ ತಪ್ಪುತ್ತದೆ. ಪ್ಲಾಸ್ಟಿಕ್ ಪೊರಕೆಯ ಒಂದು ಎಳೆ, ಸೈಕಲ್ ಪಂಪಿನ ಗಾಳಿ, ಇವೆರಡು ಸಾಕು.

ಕಾಸ್ಟಿಕ್ ಸೋಡಕ್ಕೆ ನಿಜವಾಗಿ ಸಲ್ಲುವ ಸ್ಥಾನ ಒಂದೇ, ಸೈಲೆನ್ಸರಿನ ಉಕ್ಕಿನ ಒಳಕೊಳವೆ. ಹಿಂದೆ ಅದನ್ನು ಬಚ್ಚಲ ಒಲೆಯ ಕೆಂಡದಲ್ಲಿ ಹುಗಿದು ಕೆಂಪಗೆ ಕಾಯಿಸಿ ಕಿಟ್ಟವನ್ನು ಸುಟ್ಟುಬಿಡುತ್ತಿದ್ದರು. ಗೀಸರು ಬಂದು ಬಚ್ಚಲ ಒಲೆ ಆರಿದೆ. ಅಂಗಳದಲ್ಲಿ ಸುಟ್ಟರೆ ಆ ಗಬ್ಬು ಹೊಗೆಗೆ ಪಕ್ಕದ ಮನೆಯವರು ಒಣಹಾಕಿದ ಬಟ್ಟೆಗಳನ್ನು ಎತ್ತಿಕೊಂಡು ಜಗಳಕ್ಕೆ ಬಂದಾರು. ಆದುದರಿಂದ ಸೋಡದ ನೀರೇ ಉಳಿದ ದಾರಿ. ಐದು ಲೀಟರು ತಣ್ಣೀರಿಗೆ ಅರ್ಧ ಕಿಲೋ ಸೋಡವನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ಕೋಲಿನಿಂದ ಕದಡಬೇಕು. ಸೋಡದ ಮೇಲೆ ನೀರು ಸುರಿಯುವುದಂತೂ ಎಂದಿಗೂ ಕೂಡದು; ಅದು ಕುದಿದು ಮುಖಕ್ಕೆ ಸಿಡಿಯುತ್ತದೆ. ಪಾತ್ರೆ ಗಟ್ಟಿ ಪ್ಲಾಸ್ಟಿಕ್ಕಿನದಾಗಲಿ ಉಕ್ಕಿನದಾಗಲಿ ಇರಬೇಕು. ಅಲ್ಯೂಮಿನಿಯಂ ಪಾತ್ರೆಯನ್ನೂ ಸತುವಿನ ಲೇಪವಿರುವ ಬಕೆಟ್ಟನ್ನೂ ಸೋಡ ತಿನ್ನುತ್ತದೆ. ಕಣ್ಣಿಗೆ ಮುಚ್ಚುಕನ್ನಡಕ, ಕೈಗೆ ಉದ್ದನೆಯ ರಬ್ಬರ್ ಚೀಲ, ಬಯಲಿನ ಗಾಳಿ, ಪಕ್ಕದಲ್ಲಿ ಹರಿಯುವ ನೀರು ಇವಿಷ್ಟೂ ಒದಗಿದ ಮೇಲೆಯೇ ಪೊಟ್ಟಣ ಬಿಚ್ಚಬೇಕು. ಮೈಮೇಲೆ ಬಿದ್ದರೆ ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ನೀರು ಸುರಿಯಬೇಕು. ಕಣ್ಣಿಗೆ ಬಿದ್ದರೆ ಹಾಗೆಯೇ ತೊಳೆಯುತ್ತ ತಡಮಾಡದೆ ವೈದ್ಯರಲ್ಲಿಗೆ ಓಡಬೇಕು. ಇಷ್ಟೆಲ್ಲ ಸಾಧ್ಯವಿಲ್ಲದ ಮನೆಯಲ್ಲಿ, ಅಥವಾ ಚಿಕ್ಕ ಮಕ್ಕಳು ಓಡಾಡುವ ಮನೆಯಲ್ಲಿ, ಈ ಒಂದು ಕೆಲಸವನ್ನು ಗರಾಜಿನವರಿಗೆ ವಹಿಸಿ ನಾಲ್ಕು ಕಾಸು ಕೊಡುವುದೇ ನಿಜವಾದ ಮಿತವ್ಯಯ.

ಎಲ್ಲಿ ಉಳಿಸಬಾರದು

ಮೇಲೆ ಹೇಳಿದ ಸಾಮಗ್ರಿಗಳಲ್ಲಿ ಬಹುಪಾಲು ಮನೆಯಲ್ಲೇ ಇರುವಂಥವು. ಹಾಗೆಂದು ಎಲ್ಲದರಲ್ಲೂ ಕೈ ಹಿಡಿಯುವುದು ಹಿತವಲ್ಲ. ಪಿಸ್ಟನ್ನಿನ ಪಿನ್ನು ಜಾರದಂತೆ ಇಕ್ಕೆಲದಲ್ಲಿ ಹಿಡಿದಿಡುವ ತಂತಿಯ ಸರ್ಕ್ಲಿಪ್ಪುಗಳಿವೆಯಲ್ಲ, ಒಮ್ಮೆ ತೆಗೆದವನ್ನು ಮತ್ತೆ ಹಾಕಬಾರದು. ಅತ್ಯಲ್ಪ ಬೆಲೆಯ ವಸ್ತು. ಆದರೆ ಬಿಗಿ ಕಳೆದುಕೊಂಡ ಹಳೆಯ ಕ್ಲಿಪ್ಪು ಓಡುವಾಗ ಹಾರಿತೆಂದರೆ ಸಿಲಿಂಡರಿನ ಗೋಡೆಯಲ್ಲಿ ಉಳುಮೆ ಮಾಡಿದಂತಾಗುತ್ತದೆ. ಪಿಸ್ಟನ್ನು ಚೊಕ್ಕಟವಾಯಿತೆಂಬ ಸಂತೋಷದಲ್ಲಿ ಈ ಕ್ಲಿಪ್ಪನ್ನು ಮರೆತವರು ಮಾಡಿದ ದುಡಿಮೆಯೆಲ್ಲ ನೀರಿನಲ್ಲಿ ಹೋಮ. ಗ್ಯಾಸ್ಕೆಟ್ಟುಗಳೂ ಹೊಸವೇ ಇರಲಿ. ತೀರ ಹಳೆಯ ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು ಇರುವುದುಂಟಾದ್ದರಿಂದ ಅವನ್ನೂ ಒದ್ದೆ ಮಾಡಿಯೇ ಬಿಡಿಸಬೇಕು.

ಎಣ್ಣೆಯ ವಿಷಯ ಇನ್ನೊಂದು. ಅಕ್ಕರೆಯ ಬಂಡಿಗೆ ಒಂದು ಚಮಚ ಎಣ್ಣೆ ಹೆಚ್ಚೇ ಇರಲಿ ಎಂದು ಸುರಿಯುವವರೇ ಕಿಟ್ಟದ ದೊಡ್ಡ ಪೋಷಕರು. ಈಗ ದೊರೆಯುವ ಟೂ ಸ್ಟ್ರೋಕ್ ಎಣ್ಣೆ ಹಿಂದಿನದಕ್ಕಿಂತ ಬಹಳ ಶುದ್ಧವಾಗಿ ಉರಿಯುತ್ತದೆ. ನಾಲ್ಕು ಹೊಡೆತದ ಬಂಡಿಯ ಎಣ್ಣೆಯನ್ನು ಇದಕ್ಕೆ ಬೆರೆಸುವುದಾಗಲಿ, ಅಳತೆಯಿಲ್ಲದೆ ಕಣ್ಣಂದಾಜಿನಲ್ಲಿ ಸುರಿಯುವುದಾಗಲಿ ಬೇಡ. ಔಷಧಿ ಅಂಗಡಿಯ ಅಳತೆಯ ಲೋಟ ಒಂದಿದ್ದರೆ ಸಾಕು. ಬರೀ ಬೀದಿಯ ತುದಿಯ ಅಂಗಡಿಗೆ ಹೋಗಿಬರುವ ಬಂಡಿಯಲ್ಲಿ ಎಂಜಿನ್ನು ಸರಿಯಾಗಿ ಕಾಯುವುದೇ ಇಲ್ಲ, ಅಲ್ಲಿಯೂ ಕಿಟ್ಟ ಬೇಗ ಕೂರುತ್ತದೆ. ವಾರಕ್ಕೊಮ್ಮೆ ಶ್ರೀರಂಗಪಟ್ಟಣದವರೆಗಾದರೂ ಓಡಿಸಿದರೆ ಬಂಡಿಗೂ ಸುಖ, ಓಡಿಸುವವರಿಗೂ ಸುಖ.

ಕೊಳೆಯಾದ ಡೀಸೆಲನ್ನು ಚರಂಡಿಗೆ ಚೆಲ್ಲಬೇಕಾಗಿಲ್ಲ. ಒಂದು ಶೀಶೆಯಲ್ಲಿ ವಾರವಿಡೀ ಅಲುಗಾಡದಂತೆ ಇಟ್ಟರೆ ಮಸಿ ತಳಕ್ಕೆ ಇಳಿಯುತ್ತದೆ, ಮೇಲಿನ ತಿಳಿಯನ್ನು ಮತ್ತೊಮ್ಮೆ ತೊಳೆಯಲು ಉಪಯೋಗಿಸಬಹುದು. ತಳದ ಮಡ್ಡಿಯನ್ನು ಗರಾಜಿನ ಹಳೆಯ ಎಣ್ಣೆಯ ಪೀಪಾಯಿಗೆ ಸೇರಿಸಿದರಾಯಿತು.

ಎಲ್ಲವನ್ನೂ ಒಣಗಿಸಿ, ಸಿಲಿಂಡರಿನ ಒಳಗೋಡೆಗೂ ಪಿಸ್ಟನ್ನಿಗೂ ಹೊಸ ಎಣ್ಣೆ ಸವರಿ ಜೋಡಿಸುವ ಹೊತ್ತಿಗೆ ನಾಲ್ಕನೆಯ ಭಾನುವಾರ ಬಂದಿರುತ್ತದೆ. ಜಾವಾದ ಗೇರಿನ ಸನ್ನೆಯೇ ಮೇಲಕ್ಕೆ ತಿರುಗಿ ಕಿಕ್ಕರ್ ಆಗುವ ಚಮತ್ಕಾರವನ್ನು ಅಂದು ಅಪ್ಪನೇ ಮಗನಿಗೆ ತೋರಿಸಿಕೊಡಬೇಕಾಗಬಹುದು. ಮೊದಲು ದಟ್ಟವಾದ ಬಿಳಿಯ ಹೊಗೆ ಬಂದರೆ ಗಾಬರಿಯಾಗಬೇಕಾದ್ದಿಲ್ಲ. ಸವರಿದ ಎಣ್ಣೆ ಉರಿಯುತ್ತಿದೆ, ಅಷ್ಟೆ. ಊರು ಸುತ್ತಿ ಬಂದ ಮೇಲೆ, ಎಂಜಿನ್ನು ಪೂರ್ತಿ ಆರುವ ತನಕ ಕಾದು, ಹೆಡ್ಡಿನ ನಟ್ಟುಗಳ ಬಿಗಿಯನ್ನು ಎದುರುಬದುರಾಗಿ ಇನ್ನೊಮ್ಮೆ ನೋಡಿಕೊಳ್ಳಬೇಕು.